ಬೂದ್ಯಾನ ಶ್ರಾವಣ

ಇಳಕಲ್ಲಿನ ನಮ್ಮ ಓಣಿಯಲ್ಲಿ ಹಿತ್ತಿಲ ಗೋಡೆಗಳು ಸೊಂಟಕ್ಕಿಂತ ಮೇಲೆ ಏಳದಿದ್ದ ಕಾಲ ಅದು. ನಮ್ಮ ಶೇಂಗಾ ಚಟ್ನಿ ಆಚೆ ಹೋಗುತ್ತಿತ್ತು, ರಂಜಾನ್ ಹಬ್ಬ ಬಂದರೆ ಆಚೆಯ ಶಾವಿಗೆಯ ಸುರಕುಂಬಾ ಈಚೆ ಬರುತ್ತಿತ್ತು. ಅಂಥ ಓಣಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಪ್ಪ ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಸಂಜೆ, ಬುತ್ತಿಯ ಚೀಲದಲ್ಲಿ ಒಂದು ಮುಂಗುಸಿ ಮರಿ ತಂದ. ಇನ್ನೂ ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ.

"ಇದರವ್ವ ಕಲ್ಲಿನ ಸಂದ್ಯಾಗ ಸತ್ತಿತ್ತು. ಬಿಟ್ಟ ಬರಾಕ ಮನಸಾಗ್ಲಿಲ್ಲ" ಅಂದ.

"ಲಿಂಗಾ ಕಟಗೊಂಡವರ ಮನ್ಯಾಗ ಮುಂಗಲಿ ಸಾಕ್ತಾರೇನ್ರಿ? ಹಲ್ಲ ಬಂದ ಮ್ಯಾಲ ಇದಕ ಏನ್ ಹಾಕೂದು?" ಎಂದು ಅವ್ವ ಬೈದಳು. ಬೈಯುತ್ತಲೇ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟಳು. ಬೂದಿ ಬಣ್ಣದ್ದೆಂದು ನಾನು ಅದಕ್ಕೆ ಬೂದ್ಯಾ ಅಂದೆ.

ಹಲ್ಲು ಬಂದವು. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಮೂಸಿ, ಬಿಟ್ಟು, ಅವ್ವನ ಕಾಲ್ಬೆರಳನ್ನೇ ಕಚ್ಚಿತು. ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯ ಹಸೀನಾ ಖಾಲಾ ನಕ್ಕಳು.

"ಪಾರವ್ವಾ, ಅದು ಮುಂಗಲಿ ಐತಿ. ಮಠದ ಮರಿಸ್ವಾಮಿ ಅಲ್ಲ!"

"ಹಂಗಾರ ನೀವ ಉಣಸ್ರಿ, ನಿಮ್ಮ ಹಿತ್ತಲದಾಗ. ಖಂಡ ನನ್ನ ಹೊಸ್ತಲಾ ದಾಟಬಾರದು, ಅಷ್ಟ."

ಹಾಗೆ ನಡೆಯಿತು. ಖಾಲಾಳ ಮನೆಗೆ ಕೋಳಿ ತಂದಾಗಲೆಲ್ಲ ಕುತ್ತಿಗೆ, ಕಾಲು ಬೂದ್ಯಾನಿಗೆ. ಹಸಿಯದ್ದೇ, ಎಲುಬಿನ ಸಮೇತ. ಬೇಯಿಸಿದ ಎಲುಬು ಸೀಳಿ ಗಂಟಲಿಗೆ ಚುಚ್ಚುತ್ತದೆ ಎಂದು ಖಾಲಾ ಹೇಳುತ್ತಿದ್ದಳು. ಬೂದ್ಯಾ ಮುಂಗಾಲೆರಡರಲ್ಲಿ ಅದನ್ನು ಹಿಡಿದು, ಕಣ್ಣು ಮುಚ್ಚಿ, ಕಟಕಟ ಕಡಿಯುತ್ತಿತ್ತು. ಹಸಿ ರಕ್ತದ ವಾಸನೆಗೆ ನಾನು ಲಂಗದಿಂದ ಮೂಗು ಮುಚ್ಚಿಕೊಂಡರೂ ಕಣ್ಣು ಕೀಳುತ್ತಿರಲಿಲ್ಲ. ಆಮೇಲೆ ಅದರ ಮೋರೆ ತೊಳೆದು ಮನೆಗೆ ತರುತ್ತಿದ್ದೆ.

ಶ್ರಾವಣ ಬಂತು. ಅವ್ವ ಮನೆ ಸಾರಿಸಿ, ಪಾತ್ರೆ ಬೆಳಗಿ, ಒಂದು ಮಾತು ಹೇಳಿದಳು: "ನನ್ನ ಸೂರಿನ ಕೆಳಗ ಇರೂ ಜೀವ ಎಲ್ಲಾ ಶ್ರಾವಣ ಹಿಡೀಬೇಕು. ಬೂದ್ಯಾನೂ ಹಿಡೀತೈತಿ, ತಿಂಗಳ ಮಟ ಖಂಡ ಮುಟ್ಟೂದಿಲ್ಲ."

"ಗ್ವಾಡಿ ಮ್ಯಾಲಿನ ಹಲ್ಲಿಗೂ ಹೇಳೀಯೇನ?" ಅಪ್ಪ ಕೇಳಿದ.

"ಹಲ್ಲೀನ ನಾ ಸಾಕಿಲ್ಲ."

ಅಂದಿನಿಂದ ಬೂದ್ಯಾನಿಗೆ ಹಾಲು, ರೊಟ್ಟಿ, ಬಾಳೆಹಣ್ಣು. ಮೊದಲು ಹೊಟ್ಟೆ ಕೆಟ್ಟಿತು. ಆಮೇಲೆ ಪಕ್ಕೆಲುಬು ಕಾಣತೊಡಗಿದವು. ಹಿಂಗಾಲು ಎಳೆದುಕೊಂಡು ನಡೆಯಿತು. ಆಟಕ್ಕೆ ಕರೆದರೆ ಬರುವುದನ್ನೇ ಬಿಟ್ಟಿತು.

ನಾನು ಓಡಿಹೋಗಿ ಖಾಲಾಳನ್ನು ಕೇಳಿದೆ: ಒಂದೇ ಒಂದು ತುಂಡು, ಅವ್ವನಿಗೆ ಗೊತ್ತಾಗದ ಹಾಗೆ.

"ಬ್ಯಾಡವಾ. ನಿಮ್ಮವ್ವ ದೇವ್ರಿಗೆ ಮಾತ ಕೊಟ್ಟಾಳ. ಅಕಿಗೆ ಮುಚ್ಚಿ ನಾ ಕೊಟ್ರ, ನನ್ನ ನಮಾಜು ಎಲ್ಲಿ ಉಳೀತು?"

ನನಗೆ ದಿಕ್ಕು ತಪ್ಪಿತು. ಮಾಂಸ ಕೊಡುವ ಕೈಯೇ ಬೇಡವೆನ್ನುತ್ತಿತ್ತು. ಬೆಳಿಗ್ಗೆ ಪೂಜೆಗೆ ಕೂತರೆ ಬೂದ್ಯಾ ಬದುಕಲಿ ಎಂದು ಬೇಡುತ್ತಿದ್ದೆ. ಕೂಡಲೇ, ಅವ್ವನ ವ್ರತ ಕೆಡದಿರಲಿ ಎಂದು ಬೇಡುತ್ತಿದ್ದೆ. ಎರಡನ್ನೂ ಒಬ್ಬ ದೇವರು ಹೇಗೆ ನಡೆಸಿಕೊಟ್ಟಾನು ಎಂಬುದು ತಿಳಿಯದೆ, ವಿಭೂತಿ ಹಚ್ಚಿಕೊಂಡು ಎದ್ದುಬಿಡುತ್ತಿದ್ದೆ.

ಕಡೆಗೆ ಖಾಲಾ ತಾನೇ ಗೋಡೆಗೆ ಬಂದು ನಿಂತಳು.

"ಪಾರವ್ವಾ, ರೋಜಾದಾಗ ನಾವು ಕೂಸಿಗೆ ಉಪಾಸ ಹಾಕೂದಿಲ್ಲ. ಜಡ್ಡಾದವರಿಗೂ ಇಲ್ಲ. ಇದು ಕೂಸೂ ಹೌದು, ಜಡ್ಡೂ ಆಗೇತಿ."

"ನಿಮ್ಮ ದೇವ್ರು ನಿಮಗ ಹೇಳ್ಯಾನ, ಹಸೀನಾಬಿ. ನಮ್ಮಂವ ನನಗ ಇನ್ನೂ ಏನೂ ಹೇಳವಲ್ಲ" ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳೂ ಕಾಯುತ್ತಿದ್ದಳು ಅನ್ನಿಸುತ್ತದೆ.

ಮುಂದಿನ ಸೋಮವಾರ ಬೂದ್ಯಾ ಜೋಳದ ಚೀಲದ ಮಗ್ಗುಲಿಂದ ಏಳಲಿಲ್ಲ. ತಲೆ ಮಾತ್ರ ಎತ್ತಿ ಮತ್ತೆ ಇಟ್ಟಿತು. ಅವ್ವ ಅಂದು ಪೂಜೆಯಲ್ಲಿ ಬಹಳ ಹೊತ್ತು ಕೂತಳು. ಎದ್ದವಳೇ ಕೊರಳ ಲಿಂಗವನ್ನು ಕುಪ್ಪಸದೊಳಗೆ ಸರಿಸಿ, ಬೂದ್ಯಾನನ್ನು ಸೆರಗಿನಲ್ಲಿ ಸುತ್ತಿಕೊಂಡು, ಸೀರೆ ಎತ್ತಿ ಹಿತ್ತಿಲ ಗೋಡೆ ದಾಟಿದಳು.

"ಕೊಡ್ರಿ, ಹಸೀನಾಬಿ."

ಖಾಲಾ ಕೈಕೆಲಸ ಬಿಟ್ಟು ಒಳಗೆ ಹೋಗಿ ಬಂದಳು. ಹಿಂದಿನ ದಿನದ ಕೋಳಿಯ ಕುತ್ತಿಗೆಯೊಂದು ಉಳಿದಿತ್ತು. ಕಡಿಯಲು ಬೂದ್ಯಾನಿಗೆ ಶಕ್ತಿಯಿಲ್ಲವೆಂದು, ಎಲುಬು ಸಮೇತ ಕಲ್ಲಿನ ಮೇಲೆ ಜಜ್ಜಿದಳು. ಅವ್ವ ಮೋರೆ ಅತ್ತ ತಿರುಗಿಸಿ, ಜೀವಮಾನದಲ್ಲಿ ಮುಟ್ಟದ್ದನ್ನು ಎರಡು ಬೆರಳಲ್ಲಿ ಎತ್ತಿ ಅದರ ಬಾಯಿಗೆ ಹಿಡಿದಳು.

"ಉಣ್ಣೋ ನನ್ನಪ್ಪಾ."

ಬೂದ್ಯಾ ನೆಕ್ಕಿತು. ನುಂಗಿತು. ಮತ್ತೊಂದು ತುತ್ತಿಗೆ ಅವ್ವನ ಬೆರಳನ್ನೂ ಸೇರಿಸಿ ಕಚ್ಚಿತು.

"ಕಚ್ಚೂವಷ್ಟು ಕಸುವು ಬಂತಲ್ಲ, ಅಲ್ಲಾನ ಮೆಹರಬಾನಿ" ಅಂದಳು ಖಾಲಾ.

ಮನೆಗೆ ಬಂದು ಅವ್ವ ಮತ್ತೆ ತಲೆಗೆ ನೀರು ಹಾಕಿಕೊಂಡಳು. ದೇವರ ಮುಂದೆ ನಿಂತು ಗಟ್ಟಿಯಾಗಿ ಹೇಳಿದಳು: "ಅದರ ಪಾಲಿನ ಶ್ರಾವಣಾನೂ ನಾನ ಹಿಡೀತೇನಿ." ಅಂದಿನಿಂದ ಚಹಾ ಬಿಟ್ಟಳು.

"ಮುಂಗಲಿ ಚಾ ಎಲ್ಲಿ ಕುಡೀತಿತ್ತ?" ಎಂದ ಅಪ್ಪ.

"ಅದಕ ಖಂಡ ಹೆಂಗೋ, ನನಗ ಚಾ ಹಂಗ."

ಅವ್ವನ ಚಹಾ ಎಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಿಂಗಳು ಮುಗಿಯುವ ತನಕ ಹಣೆಗೆ ಬಟ್ಟೆ ಬಿಗಿದು, ತಲೆನೋವಿನಲ್ಲೇ ರೊಟ್ಟಿ ಬಡಿದಳು. ಗೋಡೆಯಾಚೆ ಬೂದ್ಯಾ ಎಲುಬು ಕಡಿಯುವ ಸದ್ದು ಕೇಳಿದಾಗ ಮಾತ್ರ ಬಡಿಯುವ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಬೂದ್ಯಾ ಬದುಕಿತು. ದಸರೆಯ ಮುಂದೆ ಒಂದು ಮುಂಜಾನೆ ಊರಾಚೆಯ ಜೋಳದ ಹೊಲಕ್ಕೆ ಹೋದದ್ದು ತಿರುಗಿ ಬರಲಿಲ್ಲ. ನಾನು ಅತ್ತೆ. "ನಡಕೊಂತ ಹೋತಲ್ಲ, ಸಾಕು" ಅಂದಳು ಅವ್ವ.

ಅವಳು ವ್ರತ ಮುರಿದಳೋ, ಎರಡು ಪಟ್ಟು ಹಿಡಿದಳೋ, ನನಗೆ ಇಂದಿಗೂ ಬಗೆಹರಿದಿಲ್ಲ. ಕೇಳೋಣವೆಂದರೆ ಅವಳಿಲ್ಲ. ಬಾಗಲಕೋಟೆಯ ನನ್ನ ಮನೆಯಲ್ಲಿ ಮಗಳು ಬೆಕ್ಕು ಸಾಕಿದ್ದಾಳೆ. ಅದಕ್ಕೆ ಪಾಕೀಟಿನ ಕಾಳು. ಮೇಲೆ ಕೋಳಿಯ ಚಿತ್ರವಿದೆ, ಒಳಗೆ ವಾಸನೆಯಿಲ್ಲ, ಎಲುಬಿಲ್ಲ. ಶ್ರಾವಣದಲ್ಲೂ ಅದು ದೇವರ ಕೋಣೆಯ ಪಕ್ಕದ ಕಪಾಟಿನಲ್ಲೇ ಇರುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಬೆಕ್ಕು ಗುಂಡಗಿದೆ; ಅದೂ ದೇವರ ದಯೆ.

ಈ ಸಲ ಶ್ರಾವಣದ ಸೋಮವಾರವೇ ನನಗೆ ಜ್ವರ ಬಂತು. ಮಗಳು ಗುಳಿಗೆ ತಂದು, "ಉಪಾಸ ಬಿಡಬೇ, ಒಂದೀಟು ಉಣ್ಣು" ಅಂದಳು. ಪ್ರೀತಿಯಿಂದಲೇ ಅಂದಳು. ನಾನು ಉಂಡೆ. ಆದರೆ ನನ್ನ ಪಾಲಿನ ಶ್ರಾವಣವನ್ನು ತಾನು ಹಿಡಿಯುತ್ತೇನೆ ಎನ್ನುವವರು ಈಗ ಮನೆಯಲ್ಲಿ ಯಾರೂ ಇಲ್ಲ.