ಬಸ್ಸು ನಿಲ್ಲಿಸಿದ ಪಕ್ಕದ ಮನೆಯ ಅಕ್ಕ

ಕೃಷ್ಣರಾಜಪೇಟೆಯ ನಮ್ಮ ಪಕ್ಕದ ಮನೆಯ ಅಕ್ಕ ರೊಟ್ಟಿ ತಟ್ಟುತ್ತಲೇ ಮಗಳಿಗೆ ಓದು ಕಲಿಸುತ್ತಿದ್ದರು. ಹಿಟ್ಟು ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಒಂದು ಪದ ಬರೆದು, ಮಗಳ ಮುಖವನ್ನೇ ನೋಡುತ್ತ ಕೂರುವರು. ಎರಡನೇ ಕ್ಲಾಸಿನ ಆ ಹುಡುಗಿಗೆ ಅಕ್ಷರಗಳೆಲ್ಲ ಗೊತ್ತಿದ್ದವು, ಕೂಡಿಸಿ ಓದಲು ಮಾತ್ರ ಬರುತ್ತಿರಲಿಲ್ಲ. ತಡವರಿಸಿ ಅಳು ಬಂದಾಗಲೆಲ್ಲ ಅಕ್ಕ, "ಅವಸ್ರ ಏನವ್ವ? ಒಂದೊಂದೇ ಸದ್ದು ಮಾಡು," ಅನ್ನುವರು. ಬೀದಿಯವರು, "ಈ ಮಗೀಗೆ ಓದು ತಲೇಗ್ ಅತ್ತಾಕಿಲ್ಲ ಬುಡು," ಅಂದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾವು ಮೂವರೂ ಗೋವಿಂದನಹಳ್ಳಿಗೆ ಹೋಗಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಎದುರಿಗಿದ್ದ ಬೇರೊಂದು ಬಸ್ಸಿನ ಬೋರ್ಡು ನೋಡಿ ಹುಡುಗಿ ತಾನಾಗಿಯೇ, "ನಾ... ಗ..." ಎಂದು ಶುರುಮಾಡಿದಳು. ಅಷ್ಟರಲ್ಲಿ ಬಸ್ಸು ಹೊರಟಿತು. ಅಕ್ಕ ಓಡಿಹೋಗಿ ಅದರ ಮೈಗೆ ಪಟಪಟ ಬಡಿದರು.

ಬಸ್ಸು ನಿಂತಿತು. "ಬೇಗ ಬಾರಕ್ಕ, ಎಲ್ಲಿಗೆ?" ಎಂದರು ಕಂಡಕ್ಟರು.

"ನಾವು ಬರಾಕಿಲ್ಲ ಕಣಣ್ಣ. ನನ್ ಮಗಳು ಬೋರ್ಡು ಓದ್ತಾವ್ಳೆ, ಒಸಿ ತಡ್ಕೊ!"

ಕಿಟಕಿಗಳಿಂದ ತಲೆಗಳು ಹೊರಬಂದವು. ಹುಡುಗಿ ಬೋರ್ಡಿನ ಹತ್ತಿರ ಹೋಗಿ ನಿಂತು, ಪುನಃ ಮೊದಲಿಂದ ಶುರುಮಾಡಿದಳು.

"ನಾ... ಗ... ಮಂ... ಗ... ಲ. ನಾಗಮಂಗಲ!"

ಅಲ್ಲಿಯವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದ ಸೀಟಿಯನ್ನು ಕಂಡಕ್ಟರು ಜೋರಾಗಿ ಊದಿದರು.