ಬಳೆಗಾರ ಅಣ್ಣನ ಕಣ್ಣು ಚಲೋ ಇದ್ದವು

ಮೊನ್ನೆ ಮೊಮ್ಮಗಳು ಗಾಜಿನ ಬಳೆ ತಂದು, ಅಂಗೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅದರ ಮೇಲಿಂದ ಜಾರಿಸಿ ಹಾಕಿಕೊಳ್ಳುತ್ತಿದ್ದಳು. ಮೊಬೈಲಿನಲ್ಲಿ ನೋಡಿ ಕಲಿತದ್ದಂತೆ. ಆ ಚೀಲದ ಪರಪರ ಸದ್ದು ಕೇಳುತ್ತ ಕುಳಿತವಳಿಗೆ ಬಳೆಗಾರ ಅಣ್ಣ ನೆನಪಾದ. ಅವನಿಗೆ ಚೀಲವೂ ಬೇಕಿರಲಿಲ್ಲ, ಸಾಬೂನೂ ಬೇಕಿರಲಿಲ್ಲ. ಕೈ ಹಿಡಿದು ಒಮ್ಮೆ ಒತ್ತಿದನೆಂದರೆ ಎಲುಬೇ ಮೆತ್ತಗಾಗುತ್ತಿತ್ತು...

ರಾವೂರಿನಿಂದ ಬಸ್ಸು ಹತ್ತಿ ಚಿತ್ತಾಪುರದ ನಮ್ಮ ಓಣಿಗೆ ಬರುತ್ತಿದ್ದ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಬಳೆ ಪೋಣಿಸಿದ ಮಲಾರದ ಹೊರೆ. ಮನೆಯವರಲ್ಲದೆ ನಮ್ಮ ಹೆಣ್ಣುಮಕ್ಕಳ ಕೈ ಹಿಡಿಯಬಹುದಾದ ಗಂಡಸು ಅವನೊಬ್ಬನೇ. ಅದರ ಬೆಲೆ ಅವನಿಗೆ ಗೊತ್ತಿತ್ತು. ಯಾರ ಮುಖವನ್ನೂ ನೋಡಿದವನಲ್ಲ, ಕೈ ನೋಡಿಯೇ ಮಾತಾಡುತ್ತಿದ್ದ. "ಈ ಕೈ ನೋಡಿದ್ರ ಅತ್ತಿ ಭಾಳ ದುಡಸ್ತಾಳ ಅನಸ್ತದ" ಎಂದು ಅತ್ತೆಯ ಎದುರಿಗೇ ಅಂದು ಎಲ್ಲರನ್ನೂ ನಗಿಸುತ್ತಿದ್ದ.

ಬರಬರುತ್ತ ಅವನಿಗೆ ಏನೋ ಆಯಿತು. ಚಹಾ ಕೊಟ್ಟರೆ ಕೈ ಕಪ್ಪನ್ನು ಬಿಟ್ಟು ಪಕ್ಕದ ಗಾಳಿ ಹಿಡಿಯುತ್ತಿತ್ತು. ಪಡಸಾಲೆಯ ನೆಲದ ಕರಿ ಫರಸಿಕಲ್ಲು ಬಂದರೆ ಗುಂಡಿ ದಾಟುವವನಂತೆ ಕಾಲೆತ್ತಿ ದಾಟುತ್ತಿದ್ದ. ಬಳೆಯ ಮೇಲಿನ ಕೂದಲೆಳೆಯಷ್ಟು ಸೀಳು ಕಾಣುತ್ತಿತ್ತು, ಮುಂದೆಯೇ ಇದ್ದ ಮಲಾರ ಕಾಣುತ್ತಿರಲಿಲ್ಲ. ಹುಡುಗಿಯರು ಕೈ ಚಾಚಿದರೆ ಅವನ ಕೈ ಎಲ್ಲೋ ಹೋಗುತ್ತಿತ್ತು. ಹೇಗೋ ಸಿಕ್ಕಿತೆಂದರೆ ಕಣ್ಣು ಮುಚ್ಚಿಬಿಡುತ್ತಿದ್ದ. ಆಮೇಲೆ ಒಂದು ಬಳೆಯೂ ಒಡೆಯುತ್ತಿರಲಿಲ್ಲ. ಕುಡಿಯುತ್ತಾನೆ ಎಂದರು ಕೆಲವರು. ಹತ್ತಿರ ಕುಳಿತವಳು ನಾನು, ಅವನ ಬಾಯಿಂದ ಎಲೆಅಡಿಕೆ ಬಿಟ್ಟು ಬೇರೆ ವಾಸನೆ ಬಂದದ್ದಿಲ್ಲ.

ಶಾಲೆಯಲ್ಲಿ ಪುಕ್ಕಟೆ ಕಣ್ಣು ತಪಾಸಣೆ ಇಟ್ಟಾಗ, ನನ್ನ ಪೊರೆ ತೋರಿಸಲು ಹೊರಟವಳು ಅವನನ್ನೂ ಎಳೆದುಕೊಂಡು ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿದರು. ಗೋಡೆಯ ಮೇಲಿನ ಅಕ್ಷರ ಒಂದೊಂದೇ ತೋರಿಸಿದರು. ಕೆಳಗಿನ ಸಣ್ಣ ಅಕ್ಷರವನ್ನೂ ಓದಿದ.

"ಕಣ್ಣಿಗೇನೂ ಆಗಿಲ್ಲ, ಭಾಳ ಚಲೋ ಅದಾವ" ಎಂದರು ಡಾಕ್ಟರು.

ಅವನಿಗೆ ಖುಷಿಯಾಗಲಿಲ್ಲ. ಹೊರಗೆ ಬಂದವನೇ, "ಹಂಗಾದ್ರ ನನಗೇನಾಗ್ಯಾದ ತಂಗಿ?" ಎಂದು ಕೇಳಿದ. ನನಗೇನು ಗೊತ್ತು... ಅಣ್ಣನ ಕಣ್ಣು ಚಲೋ ಇವೆಯಂತೆ, ಅಂಜದೆ ಬಳೆ ಇಡಿಸಿಕೊಳ್ಳಿರಿ ಎಂದು ಓಣಿಗೆಲ್ಲ ಸಾರಿಬಿಟ್ಟೆ. ಒಳ್ಳೆಯದಕ್ಕೇ ಸಾರಿದ್ದು.

ಆಮೇಲೆ ನನ್ನ ಮೈದುನನ ಮಗಳ ಕುಬಸ ಬಂತು. ಚೊಚ್ಚಲ ಬಸುರಿ. ಬೀಗರೆಲ್ಲ ಪಡಸಾಲೆ ತುಂಬ ಕುಳಿತಿದ್ದರು. ಹಸಿರು ಬಳೆ ಇಡಲು ಅವನೇ ಬಂದ. ಹುಡುಗಿ ಕೈ ಚಾಚಿದಳು. ಅವನು ಅವಳ ಕೈಯನ್ನೇ ನೋಡುತ್ತ ತನ್ನ ಕೈ ಮುಂದೆ ಮಾಡಿದ. ಅದು ಹೋಗಿ ಅವಳ ಎದೆಗೆ ತಗಲಿತು.

"ಏ ಮುದುಕಾ, ಎಲ್ಲಿ ಕೈ ಹಾಕ್ಲಿಕತ್ತಿ?" ಎಂದು ಬೀಗರ ಹೆಂಗಸೊಬ್ಬಳು ಚೀರಿದಳು. ಮೈದುನ ಎದ್ದು ಬಂದು ಅವನ ಕಪಾಳಕ್ಕೆ ಬಾರಿಸಿದ.

"ತಡೀರಿ, ಅವಗ ಕಾಣಂಗಿಲ್ಲ" ಎಂದೆ ನಾನು.

"ಕಣ್ಣು ಚಲೋ ಅದಾವ ಅಂತ ಓಣಿ ತುಂಬ ಹೇಳ್ಕೋತ ತಿರಗಿದವರು ಯಾರು ವೈನಿ? ನೀವೇ ಅಲ್ಲೇನು?" ಎಂದ ಮೈದುನ.

"ಬಳಿಗಾರ ಕಾಕಾ ನನ್ನ ಕೈನೇ ನೋಡ್ಲಿಕತ್ತಿದ್ದ" ಎಂದಳು ಹುಡುಗಿ. ಬಸುರಿ, ನೀ ಸುಮ್ಮನಿರು ಎಂದರು. ಅಣ್ಣ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ. ಎತ್ತಿಕೊಳ್ಳಲು ಹೋದರೆ ಮಲಾರವೂ ಕೈಗೆ ಸಿಗಲಿಲ್ಲ. ನಾನೇ ಹೆಗಲಿಗೇರಿಸಿದೆ. ಸುದ್ದಿ ವಾಡಿ, ಶಹಾಬಾದದವರೆಗೆ ಹಬ್ಬಿತು. ಯಾವ ಮನೆಯವರೂ ಅವನನ್ನು ಹೊಸಿಲು ದಾಟಗೊಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಈ ಬೇಸಿಗೆಯಲ್ಲಿ, ಅವನ ಹೆಂಡತಿ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕಳು. ಬಳೆಗಾರನ ಹೆಂಡತಿಯ ಕೈ ಬರಿದಾಗಿದ್ದವು. ಕೇಳುವುದೇನೂ ಉಳಿಯಲಿಲ್ಲ. ಅವನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದರಂತೆ. ತಲೆಯನ್ನು ಮಷೀನಿನಲ್ಲಿಟ್ಟು ನೋಡಿದರಂತೆ.

"ಕಣ್ಣು ಚಲೋ ಅದಾವ, ಕಂಡಿದ್ದನ್ನ ತಿಳಕೊಳ್ಳೋ ಜಾಗಾ ತಲಿ ಹಿಂದ ಇರ್ತದ, ಅದು ಒಣಗ್ಲಿಕತ್ತದ ಅಂದ್ರು ಯವ್ವಾ. ಮರವಿನ ರೋಗದಾಗಿಂದೇ ಒಂದು ಜಾತಿಯಂತ. ಸಾಮಾನು ಕಾಣ್ತದಂತ, ಅದು ಎಲ್ಲಿ ಅದ ಅಂಬೋದು ಕೈಗೆ ತಿಳಿಯಂಗಿಲ್ಲಂತ."

ಕಡೆಕಡೆಗೆ ಹೆಂಡತಿಯ ಮುಖವೂ ಅವನಿಗೆ ಇಡಿಯಾಗಿ ಕಾಣುತ್ತಿರಲಿಲ್ಲವಂತೆ. ಮೂಗು ಕಂಡರೆ ಕಣ್ಣು ಇಲ್ಲ, ಕಣ್ಣು ಕಂಡರೆ ಬಾಯಿ ಇಲ್ಲ... ದನಿ ಕೇಳಿ ಗುರುತು ಹಿಡಿಯುತ್ತಿದ್ದನಂತೆ.

"ಸಾಯೋತನಕ ಒಂದೇ ಮಾತು ಯವ್ವಾ. ನಾ ಹಂತಾವ ಅಲ್ಲ ಅಂತ ಚಿತ್ತಾಪುರದಾಗ ಯಾರರೆ ಹೇಳ್ರಿ ಅಂತಿದ್ದ."

ಊರಿಗೆ ಬಂದವಳೇ, ಅವನು ಅಂಥವನಲ್ಲ ಎಂದು ಹೇಳಲು ಶುರು ಮಾಡಿದೆ. ಹೊಡೆದ ಮೈದುನ ತೀರಿಕೊಂಡು ಬಹಳ ಕಾಲವಾಗಿತ್ತು. ಚೀರಿದ ಬೀಗತಿ ಈಗ ಎಲ್ಲಿದ್ದಾಳೋ. ಕುಬಸದ ಹುಡುಗಿಗೆ ಫೋನಿನಲ್ಲಿ ಹೇಳಿದರೆ, "ನಾ ಅವತ್ತೇ ಹೇಳಿದ್ದೆ ದೊಡ್ಡವ್ವ" ಎಂದಷ್ಟೇ ಅಂದಳು. ಓಣಿಯಲ್ಲಿ ಈಗ ಎಲ್ಲ ಹೊಸ ಸೊಸೆಯಂದಿರು. ಮೊನ್ನೆ, ಮೊಮ್ಮಗಳು ಬಳೆ ತಂದ ಸಂಜೆಯೇ, ಉಳಿದಿದ್ದ ಮನೆಗಳಿಗೆ ಹೋದೆ. ಮೂಲೆ ಮನೆಯ ಸೊಸೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವನ ತಪ್ಪಿರಲಿಲ್ಲ ಎಂದು ನಾನು ಮುಗಿಸಿದ ಮೇಲೆ ಕೇಳಿದಳು:

"ಯಾವ ಬಳಿಗಾರರಿ ಅಮ್ಮಾ? ನಮ್ಮ ಓಣಿಗೆ ಬಳಿಗಾರ ಬರ್ತಿದ್ರೇನು?"

ಬರುತ್ತಿದ್ದ ಎಂದೆ. ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ಹೋದೆ.