ಖಾಲಿ ರಸ್ತೆಯ ಹುರುಳಿ

ಗೆಳೆಯರೇ, ಹಂಪಸಾಗರದ ಹೊಳೆದಂಡೆಯ ರಸ್ತೆಯಲ್ಲಿ ಸೈಕಲ್ಲಿಗೆ ಒಂದು ವಾಹನವೂ ಅಡ್ಡ ಬರುವುದಿಲ್ಲ ಎಂದು ಹೊಗಳುತ್ತಿದ್ದೆನಲ್ಲ. ಇವತ್ತು ಅದಕ್ಕೇ ಸಿಕ್ಕಿಬಿದ್ದೆ. ಗಾಡಿಗಳು ಹಾಯ್ದು ಕಾಳು ಉದುರಲಿ ಎಂದು ಒಬ್ಬ ಅಕ್ಕ ರಸ್ತೆ ತುಂಬ ಹುರುಳಿ ಗಿಡ ಹಾಸಿ ಕೂತಿದ್ದರು. ನಾನು ಮರ್ಯಾದೆಯಿಂದ ಅಂಚಿಗೆ ಸರಿದೆ.

"ಬದಿಗೆ ಯಾಕ ಹೊಂಟೀರಿ? ಮ್ಯಾಲೆ ಹಾಯಿಸ್ರಿ. ಮುಂಜಾನಿಂದ ಒಂದ್ ಟ್ರ್ಯಾಕ್ಟರೂ ಬಂದಿಲ್ಲ."

ಹಾಯಿಸಿದೆ. ಅಕ್ಕ ಬಗ್ಗಿ ನೋಡಿದರು. "ಒಂದ್ ಕಾಳೂ ಉದುರಿಲ್ಲ. ಇಷ್ಟ ಏನ್ರಿ ನಿಮ್ ತೂಕ?"

ಅವಮಾನವಾಗಿ ಬಿಸಿಲೇರುವ ತನಕ ಅದರ ಮೇಲೇ ಹಿಂದಕ್ಕೂ ಮುಂದಕ್ಕೂ ತುಳಿದೆ. ಕೊನೆಗೆ ಚಾ ಕೊಟ್ಟು, "ನಾಳಿಗೆ ದಪ್ಪ ಇರೋ ಗೆಳ್ಯಾರ್ನ ಕರಕೊಂಡ್ ಬರ್ರಿ" ಎಂದರು.

ಹೀಗಾಗಿ ನಾಳೆ ಎಲ್ಲರೂ ಬನ್ನಿ. ತೂಕ ಇಳಿಸಲೆಂದು ಸೈಕಲ್ ತುಳಿಯುವವರು ಮಾತ್ರ, ಹುರುಳಿ ಮುಗಿಯುವವರೆಗೆ ದಯವಿಟ್ಟು ಇಳಿಸಬೇಡಿ.